ಜಾರೋದು ದೊಡ್ಡ ಸಮಸ್ಯೆ ಅಲ್ಲ, ಕಾಣೋದೇ ಇಲ್ವಲ್ಲ

2025ರ ಜುಲೈ ಕೊನೇ ಭಾನುವಾರ ಸಂಜೆ ಮಂಡ್ಯದಲ್ಲಿ ಮಾವನ ಮನೇಲಿದ್ದೆ. ಸ್ಪಾ ಟ್ರ್ಯಾಕಲ್ಲಿ ಬೆಲ್ಜಿಯಂ ಗ್ರ್ಯಾನ್ ಪ್ರಿ, ಅಂದ್ರೆ ಫಾರ್ಮುಲಾ ಒನ್ ಕಾರ್ ರೇಸ್ ಇತ್ತು, ನಮ್ ಟೈಮ್ ಆರೂವರೆಗೆ ಶುರು. ಫೋನಲ್ಲಿ ನೋಡ್ತಾ ಕೂತಿದ್ದೆ, ಮಾವನೂ ಪಕ್ಕದಲ್ಲಿ ಬಂದು ಕೂತ್ರು. ಕಾರ್‌ಗಳೆಲ್ಲ ಸ್ಪೀಡ್ ಕಟ್ಟಿಹಾಕೋಕೆ ಮುಂದೆ ಬಿಡೋ ಸೇಫ್ಟಿ ಕಾರ್ ಹಿಂದೆ ಒಂದು ಸುತ್ತು ಹೋದ್ವು, ಮಳೆ ಹೊಡೀತಾ ಇತ್ತು, ರೇಸ್ ನಿಲ್ಸೋ ರೆಡ್ ಫ್ಲ್ಯಾಗ್ ಬಂತು, ಎಲ್ಲಾ ವಾಪಸ್ ಪಿಟ್‌ಗೆ, ಟ್ರ್ಯಾಕ್ ಪಕ್ಕ ಟೀಮ್‌ಗಳಿರೋ ಜಾಗಕ್ಕೆ. ಆಮೇಲೆ ಕಾಯೋದೇ ಕಾಯೋದು, ಹೆಚ್ಚುಕಮ್ಮಿ 80 ನಿಮಿಷ. ಮಾವಂಗೆ ತಲೆ ಕೆಟ್ಟೋಯ್ತು. "ಏನ್ಲಾ ಇದು, ಮಳೆ ಬಂತು ಅಂತ ಎಲ್ರೂ ಒಳಿಕ್ಕೋಗಿ ಕುಂತವ್ರೆ? ಇದೇನ್ ಕ್ರಿಕೆಟ್ಟಾ? ಕೋಟಿ ಕೋಟಿ ಸುರಿದಿರೋ ಕಾರು ಒಂದು ಮಳೆ ತಡ್ಯಕಿಲ್ವಾ? ನಮ್ ಕಬ್ಬಿನ್ ಟ್ರ್ಯಾಕ್ಟರೇ ವಾಸಿ ಕಣ್ಲಾ" ಅಂದು ಎದ್ದು ಹೋದ್ರು.

ನಾನು ಆಗ "ಜಾರುತ್ತೆ ಮಾವ" ಅಂದೆ ಅಷ್ಟೇ, ಅವರು ಊಟಕ್ಕೆ ಹೋಗ್ತಾ ಇದ್ರು, ಅದಕ್ಕಿಂತ ಜಾಸ್ತಿ ಹೇಳೋಕೆ ಟೈಮ್ ಇರ್ಲಿಲ್ಲ. ಎಲ್ರೂ ಕೊಡೋ ಉತ್ತರ ಅದೇ, ಆದ್ರೆ ಅದು ಅರ್ಧ ಉತ್ತರ. ರೇಸ್ ಡ್ರೈವರ್‌ಗಳಿಗೆ ಜಾರೋ ರೋಡಲ್ಲಿ ಓಡ್ಸೋದು ಗೊತ್ತು, ಕೆಲವರಿಗಂತೂ ಅದೇ ಇಷ್ಟ. ರೇಸ್ ನಿಲ್ಸೋ ಲೆವೆಲ್‌ಗೆ ತರೋದು ಬೇರೆ ಒಂದು ವಿಷಯ, ಅದಕ್ಕೆ ಆಮೇಲೆ ಬರ್ತೀನಿ, ಮೊದಲು ಈ ಜಾರೋ ಕತೆ ಮುಗಿಸ್ಬಿಡೋಣ ಯಾಕಂದ್ರೆ ಅದೂ ಜನ ಅಂದ್ಕೊಂಡಿರೋ ಥರ ಇಲ್ಲ.

ನಮ್ಮ ಕುವೆಂಪುನಗರದ ಹುಡುಗ ಒಬ್ಬ ಸಣ್ಣ ಮಟ್ಟದಲ್ಲಿ ಸಿಂಗಲ್ ಸೀಟರ್ (ಒಬ್ಬನೇ ಕೂರೋ ರೇಸ್ ಕಾರು) ರೇಸ್ ಮಾಡ್ತಾನೆ, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಲಿ ರೇಸ್ ಇದ್ದಾಗ ನಾನೂ ಜೊತೇಲಿ ಹೋಗ್ತೀನಿ, ಟೈರ್ ಉರುಳ್ಸೋಕೆ, ಛತ್ರಿ ಹಿಡಿಯೋಕೆ, ಬಿಟ್ಟಿ ಕೂಲಿ. ಮೈಸೂರಿಂದ ಚಾಮರಾಜನಗರ, ಹಾಸನೂರು, ದಿಂಬಂ ಘಾಟ್ ಇಳಿದು ಸತ್ಯಮಂಗಲ, ಚಿತ್ತೆ ಮಳೆ ಟೈಮಲ್ಲಿ ಆ 27 ತಿರುವು ಇಳಿಯೋದೇ ಒಂದು ಸಾಹಸ, ಲಾರಿ ಸಿಕ್ಕಾಕ್ಕೊಂಡ್ರೆ ಮುಗೀತು. ಕರಿ ಟ್ರ್ಯಾಕ್ ಸಣ್ಣದು, 2.1 ಕಿಲೋಮೀಟರ್ ಅಷ್ಟೇ. ಮಳೆ ಬಿದ್ದ ದಿನ ಅಲ್ಲಿ ಪಿಟ್ ಗೋಡೆ ಹತ್ರ ನಿಂತು ನೋಡಿದ್ರೆ ಮೊದಲನೇದಾಗಿ ಕಣ್ಣಿಗೆ ಬೀಳೋದು ಏನಂದ್ರೆ, ಅನುಭವ ಇರೋ ಡ್ರೈವರ್‌ಗಳು ಎಲ್ರೂ ತಪ್ಪು ಜಾಗದಲ್ಲಿ ಓಡಿಸ್ತಾ ಇರ್ತಾರೆ.

ತಪ್ಪು ಜಾಗ ಅಂದ್ರೆ, ಒಣ ಟ್ರ್ಯಾಕಲ್ಲಿ ಒಂದು ರೇಸಿಂಗ್ ಲೈನ್ ಇರುತ್ತಲ್ಲ, ಹೊರಗಿಂದ ಒಳಗೆ ಬಂದು ತಿರುವಿನ ತುದಿ ಮುಟ್ಟಿ ಮತ್ತೆ ಹೊರಗೆ, ಆ ಲೈನ್ ಮೇಲೆ ವರ್ಷಗಟ್ಟಲೆ ಟೈರಿನ ರಬ್ಬರ್ ಕೂತಿರುತ್ತೆ. ಒಣಗಿದ್ದಾಗ ಅದೇ ರಬ್ಬರು ಚಿನ್ನ, ಟೈರು ಅಂಟ್ಕೊಂಡು ಹೋಗುತ್ತೆ. ಡಾಂಬರಿನ ಸಣ್ಣ ಸಣ್ಣ ತೂತೆಲ್ಲ ರಬ್ಬರಿಂದ ಮುಚ್ಚಿ ನುಣ್ಣಗಾಗಿರುತ್ತೆ ನೋಡಿ, ಮೇಲೆ ನೀರು ಬಿದ್ರೆ ಹಳೇ ಮನೆ ಕೆಂಪು ಗಾರೆ ನೆಲದ ಮೇಲೆ ಸೋಪಿನ ನೀರು ಚೆಲ್ಲಿದಂಗೆ. ಅದಕ್ಕೇ ಮಳೇಲಿ ಎಲ್ರೂ ಆ ಲೈನ್ ಬಿಟ್ಟು ತಿರುವಿನ ಹೊರಗಡೆ ಒರಟು ಡಾಂಬರ್ ಹುಡುಕ್ಕೊಂಡು ಹೋಗ್ತಾರೆ, ಗೋ-ಕಾರ್ಟ್ ಓಡಿಸಿದವರಿಗೆ ಇದು ಚೆನ್ನಾಗಿ ಗೊತ್ತಿರುತ್ತೆ. ದೂರ ಜಾಸ್ತಿ ಆಗುತ್ತೆ, ನೋಡೋಕೆ ದಾರಿ ತಪ್ಪಿದವರ ಥರ ಕಾಣ್ತಾರೆ, ಆದ್ರೆ ಬೇಗ ಬರ್ತಾರೆ. 2016ರಲ್ಲಿ ಬ್ರೆಜಿಲ್‌ನ ಇಂಟರ್‌ಲಾಗೋಸಲ್ಲಿ ಫಾರ್ಮುಲಾ ಒನ್ ಡ್ರೈವರ್ ವರ್ಸ್ಟಾಪನ್ ಕೊನೆ ಲ್ಯಾಪ್‌ಗಳಲ್ಲಿ (ಸುತ್ತುಗಳಲ್ಲಿ) ಹಿಂದಿಂದ ಬಂದು ಮೂರನೇ ಜಾಗ ಹಿಡಿದಿದ್ದು ಹೀಗೇನೇ, ಬೇರೆಯವರು ಕಾಲಿಡದ ಜಾಗದಲ್ಲೆಲ್ಲ ಕಾರ್ ಹಾಕ್ತಾ ಇದ್ದ. ಅದೇ ಟ್ರ್ಯಾಕಲ್ಲಿ 2024ರಲ್ಲಿ 17ನೇ ಜಾಗದಿಂದ ಶುರು ಮಾಡಿ ಗೆದ್ದ, ಅವತ್ತೂ ಮಳೆ.

ಬ್ರೆಜಿಲ್‌ನ ಹಳೇ ಚಾಂಪಿಯನ್ ಸೆನ್ನಾದು ರೇಸ್ ನೋಡೋರಿಗೆಲ್ಲ ಗೊತ್ತಿರೋದೇ. 1993, ಡಾನಿಂಗ್ಟನ್, ಶುರುವಲ್ಲಿ ಐದನೇ ಜಾಗಕ್ಕೆ ಬಿದ್ದು ಮೊದಲ ಲ್ಯಾಪ್ ಮುಗಿಯೋಷ್ಟರಲ್ಲಿ ಒಂದನೇ ಜಾಗ. ಹುಡುಗನಾಗಿದ್ದಾಗ ಕಾರ್ಟ್ ರೇಸಲ್ಲಿ ಮಳೆಗೆ ಸೋತು, ಆಮೇಲೆ ಮಳೆ ಬಂದಾಗೆಲ್ಲ ಟ್ರ್ಯಾಕ್‌ಗೆ ಓಡ್ತಿದ್ದನಂತೆ. ಅಂದ್ರೆ ಕಲಿಯೋಕೆ ಆಗೋ ವಿದ್ಯೆ ಇದು.

ನಮ್ ಹುಡುಗನ್ನ ಕೇಳಿದ್ರೆ ಅವನು ಕಾಲಿನ ವಿಷಯ ಮೊದಲು ಹೇಳ್ತಾನೆ. ಕಾರಲ್ಲಿ ಕೂರೋ ಮುಂಚೆ ಶೂ ತಳ ಒರೆಸ್ಕೋಬೇಕು, ಇಲ್ಲಾಂದ್ರೆ ಪೆಡಲ್ ಮೇಲಿಂದ ಕಾಲೇ ಜಾರುತ್ತೆ, ಅದಕ್ಕೆ ಪಿಟ್ಟಲ್ಲಿ ಶೂ ಮೇಲೆ ಪ್ಲಾಸ್ಟಿಕ್ ಕವರ್ ಕಟ್ಕೊಂಡು ಓಡಾಡ್ತಾನೆ, ನೋಡೋಕೆ ಒಳ್ಳೆ ತಮಾಷೆ. ಆಮೇಲೆ ಬ್ರೇಕು. ಒಣಗಿದ್ದಾಗ ಜೋರಾಗಿ ಬ್ರೇಕ್ ಹೊಡೆದ್ರೆ ಕಾರಿನ ಭಾರವೆಲ್ಲ ಮುಂದಕ್ಕೆ ಬರುತ್ತೆ, ಹಾಗಾಗಿ ಮುಂದಿನ ಚಕ್ರಗಳಿಗೇ ಜಾಸ್ತಿ ಬ್ರೇಕ್ ಕೊಟ್ಟಿರ್ತಾರೆ. ಮಳೇಲಿ ಅಷ್ಟು ಜೋರಾಗಿ ನಿಲ್ಸೋಕೇ ಆಗಲ್ಲ, ಭಾರ ಅಷ್ಟು ಮುಂದಕ್ಕೆ ಹೋಗಲ್ಲ, ಹಂಗೇ ಬಿಟ್ರೆ ಮುಂದಿನ ಚಕ್ರ ಲಾಕ್ ಆಗಿ ಕಾರು ನೇರ ಹುಲ್ಲಿಗೆ. ಅದಕ್ಕೇ ಬ್ರೇಕಿನ ಬಲವನ್ನ ಸ್ವಲ್ಪ ಹಿಂದಿನ ಚಕ್ರಗಳ ಕಡೆಗೆ ತಿರುಗಿಸ್ಕೋತಾರೆ. ಸಸ್ಪೆನ್ಷನ್ ಮೆತ್ತಗೆ ಮಾಡ್ತಾರೆ, ತಿರುವಲ್ಲಿ ಕಾರು ವಾಲದಂಗೆ ತಡೆಯೋ ಆಂಟಿ ರೋಲ್ ಬಾರ್ ಸಡಿಲ ಮಾಡ್ತಾರೆ, ರೆಕ್ಕೆ ಇರೋ ಕಾರಾದ್ರೆ ರೆಕ್ಕೆ ಏರಿಸ್ತಾರೆ. ಗೇರ್ ಒಂದು ಮೇಲಿಂದೇ ಇಟ್ಕೋಬೇಕು, ಕಡಿಮೆ ಗೇರಲ್ಲಿ ಆಕ್ಸಿಲರೇಟರ್ ಮುಟ್ಟಿದ್ರೆ ಹಿಂದಿನ ಚಕ್ರ ಸುತ್ತಿಬಿಡುತ್ತೆ. ಬಿಳಿ ಬಣ್ಣದ ಗೆರೆ, ತಿರುವಿನ ಅಂಚಲ್ಲಿ ಬಣ್ಣ ಬಳಿದಿರೋ ಕರ್ಬ್ ಇವೆರಡನ್ನೂ ಮುಟ್ಟಲೇಬಾರದು. "ಸ್ಟೀರಿಂಗ್ ಬಿಗಿಯಾಗಿ ಹಿಡಿದ್ರೆ ಕತೆ ಮುಗೀತು ಗುರು, ಕಾರ್ ಏನ್ ಮಾಡ್ತಿದೆ ಅಂತ ಕೈಗೆ ಗೊತ್ತೇ ಆಗಲ್ಲ" ಅಂತಾನೆ. ಭಯ ಆದಾಗ ಮನುಷ್ಯ ಮಾಡೋದೇ ಬಿಗಿಯಾಗಿ ಹಿಡಿಯೋದು, ಮಳೆ ಡ್ರೈವಿಂಗ್ ಕಲಿಯೋದು ಅಂದ್ರೆ ಅರ್ಧ ಇದನ್ನ ಬಿಡೋದು ಅನ್ಸುತ್ತೆ.

ಇಷ್ಟೆಲ್ಲ ಕಲಿತರೂ ಒಂದು ಕಡೆ ಯಾವ ವಿದ್ಯೆನೂ ನಡೆಯಲ್ಲ, ಅದು ನಿಂತ ನೀರು. ಟೈರಿನ ಮೇಲಿರೋ ಗೀರುಗಳು ಎಷ್ಟು ನೀರು ಹೊರಗೆ ಹಾಕೋಕೆ ಆಗುತ್ತೋ ಅದಕ್ಕಿಂತ ಜಾಸ್ತಿ ನೀರು ಎದುರಾದ್ರೆ ಟೈರು ನೀರಿನ ಮೇಲೆ ಹತ್ತಿಬಿಡುತ್ತೆ, ರೋಡಿಗೂ ಟೈರಿಗೂ ಸಂಬಂಧನೇ ಇಲ್ಲ. ಅಕ್ವಾಪ್ಲೇನಿಂಗ್ ಅಂತಾರೆ. ಸ್ಟೀರಿಂಗ್ ಇದ್ದಕ್ಕಿದ್ದಂಗೆ ಹಗುರ ಆಗುತ್ತೆ, ಇಂಜಿನ್ ಸೌಂಡ್ ಏರುತ್ತೆ ಸ್ಪೀಡ್ ಏರಲ್ಲ, ಆಗ ನೀವು ವರ್ಲ್ಡ್ ಚಾಂಪಿಯನ್ ಆದ್ರೂ ಅಷ್ಟೇ, ಲೈಸೆನ್ಸ್ ಇವತ್ತು ತಗೊಂಡವರಾದ್ರೂ ಅಷ್ಟೇ. ನಂಬಿಕೆ ಇಲ್ಲಾಂದ್ರೆ 2003ರ ಬ್ರೆಜಿಲ್ ರೇಸ್ ನೋಡಿ. ಮೂರನೇ ತಿರುವಲ್ಲಿ ಟ್ರ್ಯಾಕಿಗೆ ಅಡ್ಡಡ್ಡ ನೀರು ಹರೀತಾ ಇತ್ತು, ಆ ವರ್ಷದ ರೂಲ್ಸ್ ಪ್ರಕಾರ ಟೀಮ್‌ಗಳು ಒಂದೇ ಥರದ ಮಳೆ ಟೈರ್ ತರಬಹುದಿತ್ತು, ತಂದಿದ್ದು ಸಾಧಾರಣ ಮಳೆಗಿರೋ ಇಂಟರ್ಮೀಡಿಯೆಟ್. ಒಬ್ಬರಾದ ಮೇಲೆ ಒಬ್ಬರು ಅದೇ ತಿರುವಲ್ಲಿ ಹೋಗಿ ಗೋಡೆಗೆ, ಮೊಂಟೋಯ, ಬಟನ್, ಅಷ್ಟೇ ಯಾಕೆ ಮೈಕೆಲ್ ಶುಮಾಕರ್ ಕೂಡ. ಮಳೆ ರಾಜ ಅಂತ ಕರೆಸ್ಕೊಂಡ ಮನುಷ್ಯ, 1996ರಲ್ಲಿ ಬಾರ್ಸಿಲೋನಾದಲ್ಲಿ ಫೆರಾರಿ ಟೀಮಲ್ಲಿ ತನ್ನ ಮೊದಲ ಗೆಲುವು ಪಡೆದಿದ್ದೇ ಜಡಿಮಳೇಲಿ, ಅಂಥವನೇ.

ಫಾರ್ಮುಲಾ ಕಾರಲ್ಲಿ ಇನ್ನೊಂದು ತಲೆನೋವು ಇದೆ, ಟೈರ್ ಅಷ್ಟೇ ಅಲ್ಲ ಕಾರಿನ ತಳನೂ ನೀರಿನ ಮೇಲೆ ತೇಲುತ್ತೆ, ಅಷ್ಟು ತಗ್ಗಲ್ಲಿರುತ್ತೆ ಅದು. ಮಳೆ ಟೈರನ್ನ ಒಣ ಟೈರಿಗಿಂತ ಸ್ವಲ್ಪ ದೊಡ್ಡ ಸುತ್ತಳತೆಗೆ ಮಾಡಿರೋದು ತಳ ಕೊಂಚ ಮೇಲಕ್ಕೆ ಬರಲಿ ಅಂತಾನೇ.

ಸರಿ, ಈಗ ಅಸಲು ವಿಷಯ. ಫಾರ್ಮುಲಾ ಒನ್‌ಗೆ ಟೈರ್ ಮಾಡೋ ಪಿರೆಲ್ಲಿಯವರ ನೀಲಿ ಪಟ್ಟಿ ಇರೋ ಫುಲ್ ವೆಟ್ (ಜೋರು ಮಳೆಗಿರೋ) ಟೈರು 300 ಕಿಲೋಮೀಟರ್ ಸ್ಪೀಡಲ್ಲಿ ಸೆಕೆಂಡಿಗೆ 85 ಲೀಟರ್ ತನಕ ನೀರು ಎತ್ತಿ ಬಿಸಾಕುತ್ತೆ. ಹಸಿರು ಪಟ್ಟಿ ಇಂಟರ್ಮೀಡಿಯೆಟ್ ಆದ್ರೆ 30 ಲೀಟರ್. ಇದು ಒಂದು ಟೈರಿನ ಲೆಕ್ಕ. ನಾಲ್ಕಕ್ಕೆ ಗುಣಿಸ್ಕೊಳಿ, ಕಾರಿನ ತಳದಿಂದ ಗಾಳಿ ಎಳ್ಕೊಂಡು ಮೇಲಕ್ಕೆ ಎರಚೋದನ್ನೂ ಸೇರಿಸಿ. ಟೈರ್ ತನ್ನ ಕೆಲಸ ಚೆನ್ನಾಗೇ ಮಾಡ್ತಾ ಇದೆ, ರೋಡಿಂದ ನೀರು ತೆಗೀತಿದೆ. ಆದ್ರೆ ಆ ನೀರು ಹೋಗೋದು ಎಲ್ಲಿಗೆ? ಹಿಂದೆ ಬರೋನ ಮುಖಕ್ಕೆ! ಟೈರ್ ಎಷ್ಟು ಒಳ್ಳೇದಾದ್ರೆ ಹಿಂದಿನವನಿಗೆ ಅಷ್ಟು ಕಷ್ಟ, ಇಂಥ ವಿಚಿತ್ರ ಬೇರೆ ಯಾವ ಆಟದಲ್ಲೂ ನಾನು ನೋಡಿಲ್ಲ.

ಟಿವೀಲಿ ನಮಗೆ ಗೊತ್ತಾಗಲ್ಲ ಯಾಕಂದ್ರೆ ನಾವು ಮೇಲಿಂದ, ಪಕ್ಕದಿಂದ ನೋಡ್ತೀವಿ, ಕ್ಯಾಮೆರಾ ಎಲ್ಲೋ ಎತ್ತರದಲ್ಲಿರುತ್ತೆ. ಡ್ರೈವರ್ ಕಣ್ಣಿರೋದು ನೆಲದಿಂದ ಮೂರಡಿನೂ ಇರಲ್ಲ, ಹಾಗೆ ಎರಚೋ ನೀರಿನ ಮೋಡ, ಅಂದ್ರೆ ಸ್ಪ್ರೇ, ದಟ್ಟವಾಗಿರೋದೂ ಅಲ್ಲೇ. ವೈಪರ್ ಇಲ್ಲ, ಹೆಲ್ಮೆಟ್ ಗ್ಲಾಸೇ ಗ್ಲಾಸು, ಒಳಗಿಂದ ಉಸಿರಿಗೆ ಮಂಜು ಕಟ್ಟುತ್ತೆ. ಮುಂದಿನ ಕಾರಿನ ಹಿಂದೆ ಒಂದು ಕೆಂಪು ಲೈಟ್ ಮಿಣುಕ್ತಾ ಇರುತ್ತೆ, ಅದೊಂದೇ ಆಧಾರ, ಅದೂ ಎಷ್ಟೋ ಸಲ ಕಾಣಲ್ಲ. ಬ್ರೇಕ್ ಹೊಡಿಯೋ ಜಾಗಕ್ಕೆ ಬೋರ್ಡ್ ಇರುತ್ತೆ, ಅದು ಕಾಣಲ್ಲ, ಹಾಗಾಗಿ ಪಕ್ಕದಲ್ಲಿ ಹೋಗೋ ಬೇಲಿ, ಸೇತುವೆ, ಜಾಹೀರಾತು ಬೋರ್ಡಿನ ಬಣ್ಣ, ಇಂಥದ್ದನ್ನ ಲೆಕ್ಕ ಇಟ್ಕೊಂಡು ಹೊಡೀತಾರೆ. ನಮ್ ಹುಡುಗ ಅಂತೂ ಮುಂದಿನ ಕಾರಿನ ಇಂಜಿನ್ ಸೌಂಡ್ ಇಳಿದಾಗ ತಾನೂ ಬ್ರೇಕ್ ಒತ್ತಿದ್ದೀನಿ ಅಂತ ಒಂದ್ಸಲ ಹೇಳಿದ, ಅವನ ತಾಯಿ ಎದುರಿಗೆ ಹೇಳ್ಲಿಲ್ಲ ಪುಣ್ಯಕ್ಕೆ. ಅವನ ಕಾರು ಫಾರ್ಮುಲಾ ಒನ್ ಮುಂದೆ ಆಟದ ಸಾಮಾನು, ಸ್ಪೀಡು ಅರ್ಧನೂ ಇಲ್ಲ, ಆದ್ರೂ ಹಿಂಗೆ.

ಕಾಣದೇ ಇದ್ರೆ ಏನಾಗುತ್ತೆ ಅನ್ನೋದಕ್ಕೆ ಸ್ಪಾ 1998 ಒಂದೇ ಸಾಕು. ಮೊದಲ ಲ್ಯಾಪಲ್ಲೇ 13 ಕಾರ್ ಗುದ್ದಾಡಿಕೊಂಡು ರೇಸ್ ನಿಲ್ತು, ಒಬ್ಬ ತಿರುಗಿದ, ಹಿಂದಿನವರಿಗೆ ಬಿಳಿ ಗೋಡೆ ಬಿಟ್ಟು ಬೇರೆ ಏನೂ ಕಾಣ್ತಿರ್ಲಿಲ್ಲ. ಮತ್ತೆ ಶುರು ಮಾಡಿದ್ರು. ಶುಮಾಕರ್ ಆರಾಮಾಗಿ ಲೀಡಲ್ಲಿದ್ದ, ಒಂದು ಲ್ಯಾಪ್ ಹಿಂದಿದ್ದ ಕೂಲ್ಟಾರ್ಡ್ ದಾರಿ ಬಿಡೋಣ ಅಂತ ಸ್ಪೀಡ್ ಇಳಿಸಿದ, ಆದ್ರೆ ಲೈನ್ ಮೇಲೇ ಇಳಿಸಿದ. ಶುಮಾಕರ್‌ಗೆ ಕಾಣ್ಲಿಲ್ಲ, ಹೋಗಿ ಗುದ್ದಿದ, ಚಕ್ರ ಕಿತ್ಕೊಂಡು ಹೋಯ್ತು, ಮೂರು ಚಕ್ರದಲ್ಲಿ ಪಿಟ್‌ಗೆ ಬಂದು ಇಳಿದು ಸೀದಾ ಮೆಕ್ಲಾರೆನ್ ಗ್ಯಾರೇಜಿಗೆ ಜಗಳಕ್ಕೆ ನುಗ್ಗಿದ. ಆ ದಿನ ಗೆದ್ದಿದ್ದು ಡೇಮನ್ ಹಿಲ್, ಜೋರ್ಡನ್ ಟೀಮಿನ ಮೊದಲ ಗೆಲುವು. ಗಮನಿಸಿ, ಶುಮಾಕರ್ ಗುದ್ದಿದಾಗ ಯಾರೂ ಜಾರಿರಲಿಲ್ಲ, ಒಬ್ಬ ನಿಧಾನ ಮಾಡಿದ, ಇನ್ನೊಬ್ಬನಿಗೆ ಗೊತ್ತಾಗ್ಲಿಲ್ಲ, ಅಷ್ಟೇ.

ಅದಕ್ಕೂ ಮುಂಚೆ 1976ರಲ್ಲಿ ಜಪಾನಿನ ಫುಜಿ. ನಿಕಿ ಲೌಡಾ ಪಾಯಿಂಟ್ಸಲ್ಲಿ ಮುಂದಿದ್ದ, ಅದೇ ವರ್ಷ ಆಗಸ್ಟಲ್ಲಿ ನ್ಯೂರ್ಬರ್ಗ್‌ರಿಂಗಲ್ಲಿ ಸುಟ್ಟು ಸಾವಿನ ಬಾಗಿಲಿಗೆ ಹೋಗಿ ಬಂದಿದ್ದ, ರೆಪ್ಪೆ ಸರಿಯಾಗಿ ಮುಚ್ತಾ ಇರ್ಲಿಲ್ಲ. ಆ ಮಳೇಲಿ ಎರಡು ಲ್ಯಾಪ್ ಓಡಿಸಿ ಕಾರ್ ನಿಲ್ಲಿಸಿ ಇಳಿದುಬಿಟ್ಟ. ಜೇಮ್ಸ್ ಹಂಟ್ ಮೂರನೇ ಜಾಗದಲ್ಲಿ ಮುಗಿಸಿ ಒಂದೇ ಒಂದು ಪಾಯಿಂಟಲ್ಲಿ ಚಾಂಪಿಯನ್ ಆದ. ಆಗ ಲೌಡಾನ ಹೇಡಿ ಅಂದೋರೂ ಇದ್ರು. ನನ್ ಪ್ರಕಾರ ಆ ದಿನ ಟ್ರ್ಯಾಕಲ್ಲಿ ಎಲ್ರಿಗಿಂತ ಧೈರ್ಯ ಇದ್ದಿದ್ದು ಅವನಿಗೇ.

2014ರ ಸುಜುಕಾ ಬಗ್ಗೆ ಜಾಸ್ತಿ ಬರೆಯೋಕೆ ಮನಸ್ಸಿಲ್ಲ. ಮಳೇಲಿ ಜಾರಿದ ಒಂದು ಕಾರನ್ನ ಎತ್ತೋಕೆ ಕ್ರೇನ್ ಗಾಡಿ ಬಂದಿತ್ತು, ಅದೇ ಜಾಗದಲ್ಲಿ ಜೂಲ್ಸ್ ಬಿಯಾಂಕಿ ಕಾರೂ ಜಾರಿ ಅದರ ಕೆಳಗೆ ಹೋಯ್ತು, 2015ರ ಜುಲೈಯಲ್ಲಿ ತೀರ್ಕೊಂಡ. ಆಮೇಲೆ ವರ್ಚುವಲ್ ಸೇಫ್ಟಿ ಕಾರ್ ಬಂತು, ಅಂದ್ರೆ ಅಪಾಯ ಇದ್ದಾಗ ಎಲ್ರೂ ಒಟ್ಟಿಗೆ ಸ್ಪೀಡ್ ಇಳಿಸ್ಲೇಬೇಕು ಅನ್ನೋ ರೂಲ್. 2022ರಲ್ಲಿ ಅದೇ ಸುಜುಕಾದಲ್ಲಿ, ಮತ್ತೆ ಮಳೇಲಿ, ಟ್ರ್ಯಾಕ್ ಮೇಲಿದ್ದ ಟ್ರ್ಯಾಕ್ಟರ್ ಪಕ್ಕದಲ್ಲೇ ಗ್ಯಾಸ್ಲಿ ಸ್ಪೀಡಾಗಿ ಹಾದು ಹೋದ, ರೇಡಿಯೋದಲ್ಲಿ ಅವನು ಕೂಗಾಡಿದ್ದು ಕೇಳಿದ್ರೆ ಇವತ್ತೂ ಮೈ ಜುಂ ಅನ್ನುತ್ತೆ. ಹಾಗಾಗಿ ರೇಸ್ ಲೇಟ್ ಮಾಡಿದ್ರು ಅಂತ ಬೈಯೋ ಮುಂಚೆ ಇದು ನೆನಪಿರಲಿ.

ಆದ್ರೂ ಮಾವನ ಕಡೆಗೂ ಒಂದು ಮಾತು ಹೇಳ್ಬೇಕು, ಅವರ ಸಿಟ್ಟಲ್ಲಿ ನ್ಯಾಯ ಇದೆ. 85 ಲೀಟರ್ ಎತ್ತೋ ಟೈರ್ ಮಾಡಿ ಇಟ್ಕೊಂಡಿದ್ದಾರೆ, ಅದು ಬೇಕಾಗೋಷ್ಟು ನೀರು ಟ್ರ್ಯಾಕ್ ಮೇಲೆ ಬಂದ ತಕ್ಷಣ ಏನೂ ಕಾಣಲ್ಲ ಅಂತ ರೆಡ್ ಫ್ಲ್ಯಾಗ್ ಹಾಕ್ತಾರೆ, ಮಳೆ ಕಮ್ಮಿಯಾಗಿ ಮತ್ತೆ ಶುರು ಮಾಡೋಷ್ಟರಲ್ಲಿ ಇಂಟರ್ಮೀಡಿಯೆಟ್ ಟೈರೇ ಸಾಕು. ನೀಲಿ ಟೈರನ್ನ ಸೇಫ್ಟಿ ಕಾರ್ ಟೈರ್ ಅಂತ ಡ್ರೈವರ್‌ಗಳೇ ಗೇಲಿ ಮಾಡ್ತಾರೆ. ಸ್ಪಾ 2021 ಅಂತೂ ನಾಚಿಕೆಗೇಡು, ಸೇಫ್ಟಿ ಕಾರ್ ಹಿಂದೆ ಮೆರವಣಿಗೆ ಮಾಡಿ ರೇಸ್ ಆಯ್ತು ಅಂತ ಅರ್ಧ ಪಾಯಿಂಟ್ ಕೊಟ್ಟು ಜನನ್ನ ಮನೆಗೆ ಕಳಿಸಿದ್ರು, ಗಂಟೆಗಟ್ಟಲೆ ನೆನೆದುಕೊಂಡು ಕೂತಿದ್ದ ಜನ. ನಿಲ್ಲಿಸಿದ್ದು ಸರಿ, ಅದನ್ನ ರೇಸ್ ಅಂತ ಕರೆದಿದ್ದು ತಪ್ಪು. 2025ರಲ್ಲಿ ಅಟ್‌ಲೀಸ್ಟ್ ಕಾದು ನಿಜವಾದ ರೇಸ್ ಮಾಡಿದ್ರು, ಸ್ಟಾರ್ಟ್ ಆದ ಲ್ಯಾಪಲ್ಲೇ ಪಿಯಾಸ್ಟ್ರಿ ನಾರಿಸ್‌ನ ಹಿಂದೆ ಹಾಕಿ ಕೊನೆಗೆ ಗೆದ್ದ. ವರ್ಸ್ಟಾಪನ್ ಇನ್ನೂ ಬೇಗ ಶುರು ಮಾಡ್ಬಹುದಿತ್ತು ಅಂತ ಗೊಣಗಿದ, ಆದ್ರೆ ಸ್ಪಾದಲ್ಲಿ ಒಳ್ಳೇ ಸ್ಪೀಡಲ್ಲಿ ಗುಡ್ಡ ಹತ್ತೋ ಓ ರೂಜ್ ತಿರುವಿನ ಆಚೆ ಯಾರು ನಿಂತಿದ್ದಾರೆ ಅಂತ ಒಣ ದಿನವೇ ಕಾಣಲ್ಲ, ಮಳೇಲಿ ಆ ರಿಸ್ಕ್ ಯಾಕೆ.

ಚಕ್ರಕ್ಕೆ ಮಡ್‌ಗಾರ್ಡ್ ಹಾಕಿದ್ರೆ ಆಗಲ್ವಾ ಅಂತ ಕೇಳ್ತೀರ, ಅದನ್ನೂ ನೋಡಿದ್ದಾರೆ. 2023ರಲ್ಲಿ ಸಿಲ್ವರ್‌ಸ್ಟೋನಲ್ಲಿ ಮರ್ಸಿಡಿಸ್ ಕಾರಿಗೆ ಕಟ್ಟಿ, 2024ರಲ್ಲಿ ಫಿಯೊರಾನೋದಲ್ಲಿ ಫೆರಾರಿಗೆ ಕಟ್ಟಿ ಓಡಿಸಿದ್ರು. ಸಮಸ್ಯೆ ಬಗೆಹರೀಲಿಲ್ಲ, ಯಾಕಂದ್ರೆ ನೀರು ಬರೋದು ಚಕ್ರದಿಂದ ಮಾತ್ರ ಅಲ್ಲ, ತಳದಿಂದನೂ ಬರುತ್ತಲ್ಲ.

ಮಳೆ ನಿಂತ ಮೇಲೂ ಡ್ರೈವರ್‌ಗೆ ಸಮಾಧಾನ ಇಲ್ಲ, ಅದು ಬೇರೆ ಕತೆ. ಟ್ರ್ಯಾಕ್ ಒಣಗ್ತಾ ಬಂದ್ರೆ ಮಳೆ ಟೈರಿನ ಮೆತ್ತನೆ ರಬ್ಬರ್ ಬಿಸಿಯಾಗಿ ಸವೆದು ಹರಿದು ಹೋಗುತ್ತೆ, ಆಗ ನೇರ ರೋಡಲ್ಲಿ ಬೇಕೂಂತಲೇ ನೀರಿರೋ ಕಡೆ ಹುಡುಕ್ಕೊಂಡು ಓಡಿಸ್ತಾರೆ, ಟೈರ್ ತಣ್ಣಗಾಗ್ಲಿ ಅಂತ. 2020ರಲ್ಲಿ ಇಸ್ತಾಂಬುಲ್‌ನಲ್ಲಿ ಹ್ಯಾಮಿಲ್ಟನ್ ಒಂದೇ ಸೆಟ್ ಇಂಟರ್ಮೀಡಿಯೆಟಲ್ಲಿ 50 ಲ್ಯಾಪ್ ಓಡಿಸಿ, ಗೀರೆಲ್ಲ ಸವೆದು ಬೋಳು ಟೈರ್ ಆದ ಮೇಲೆ ಗೆದ್ದು ಏಳನೇ ಸಲ ಚಾಂಪಿಯನ್ ಆದ. ಉಲ್ಟಾ ಕೇಸ್ 2021ರ ಸೋಚಿ, ಕೊನೆ ಲ್ಯಾಪ್‌ಗಳಲ್ಲಿ ಮಳೆ ಬಂತು, ಲೀಡಲ್ಲಿದ್ದ ನಾರಿಸ್ ಒಣ ಟೈರಲ್ಲೇ ಉಳೀತೀನಿ ಅಂದ, ಕೈಗೆ ಬಂದಿದ್ದು ಬಾಯಿಗೆ ಬರ್ಲಿಲ್ಲ, ಹ್ಯಾಮಿಲ್ಟನ್‌ಗೆ 100ನೇ ಗೆಲುವು.

ಇದೆಲ್ಲ ಯೂರೋಪಿನ ದೊಡ್ಡವರ ಕತೆ ಅನ್ನಿಸಿದ್ರೆ ನಮ್ ಹೈವೇ ಲೆಕ್ಕ ಹೇಳ್ತೀನಿ. 1960ರ ದಶಕದಲ್ಲಿ ನಾಸಾದವರು ವಿಮಾನದ ಟೈರ್ ಮೇಲೆ ಕೆಲಸ ಮಾಡಿ ಒಂದು ಸೂತ್ರ ಕೊಟ್ಟಿದ್ದಾರೆ, ಟೈರಿನ ಗಾಳಿ ಒತ್ತಡದ ಮೇಲೆ ಯಾವ ಸ್ಪೀಡಲ್ಲಿ ತೇಲೋಕೆ ಶುರುವಾಗುತ್ತೆ ಅಂತ. ನಮ್ ಮನೆ ಕಾರಿನ 32 ಪಿಎಸ್‌ಐಗೆ ಆ ಸೂತ್ರ ಹಾಕಿದ್ರೆ ಬರೋದು ಸುಮಾರು 94 ಕಿಲೋಮೀಟರ್. ರೋಡ್ ಮೇಲೆ ಚೆನ್ನಾಗಿ ನೀರು ನಿಂತಿದ್ರೆ ಅಂತ, ಟೈರ್ ಸವೆದಿದ್ರೆ ಇನ್ನೂ ಕಮ್ಮಿ. ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇಲಿ ಲಿಮಿಟ್ 100. ಅಂದ್ರೆ ರೂಲ್ಸ್ ಪ್ರಕಾರನೇ ಹೋಗ್ತಾ ಇದ್ದರೂ ಮದ್ದೂರು ಹತ್ರ ಒಂದು ಜೋರು ಮಳೆ ಸಿಕ್ಕಿದ್ರೆ ನೀವು ಬ್ರೆಜಿಲ್ ಮೂರನೇ ತಿರುವಲ್ಲಿದ್ದೀರ. 2022ರ ಆಗಸ್ಟಲ್ಲಿ ರಾಮನಗರದ ಹತ್ರ ಇದೇ ಹೈವೇ ಕೆರೆ ಆಗಿ ಕಾರುಗಳು ಮುಳುಗಿದ್ದು ಎಲ್ರೂ ನೋಡಿದ್ದೇವೆ.

ಅಲ್ಲೂ ತೇಲೋದಕ್ಕಿಂತ ನನಗೆ ಭಯ ಕಾಣದೇ ಇರೋದೇ. ಬಸ್ಸು, ಲಾರಿ ಪಕ್ಕದಲ್ಲಿ ಹೋದ್ರೆ ಎರಡು ಮೂರು ಸೆಕೆಂಡ್ ಗ್ಲಾಸ್ ಪೂರ್ತಿ ಬಿಳಿ. ಇನ್ನೊಂದು ಹುಚ್ಚು ಎಲ್ರಿಗೂ ಹತ್ತಿದೆ, ಮಳೆ ಬಂದ ತಕ್ಷಣ ನಾಲ್ಕೂ ಇಂಡಿಕೇಟರ್ ಮಿಣುಕಿಸ್ಕೊಂಡು ಓಡ್ಸೋದು, ನಿಂತಿರೋ ಗಾಡಿ ಯಾವುದು, ಓಡ್ತಿರೋದು ಯಾವುದು, ಲೇನ್ ಬದಲಾಯಿಸ್ತಿರೋದು ಯಾರು, ಒಂದೂ ಗೊತ್ತಾಗಲ್ಲ. ಹೊಸ ಕಾರಿನವರದ್ದು ಬೇರೆ ಥರ, ಮುಂದೆ ಡಿಆರ್‌ಎಲ್ (ಹಗಲಲ್ಲಿ ತಾನೇ ಉರಿಯೋ ಲೈಟ್) ಜಗಮಗ ಉರೀತಿರುತ್ತೆ, ಲೈಟ್ ಹಾಕಿದ್ದೀನಿ ಅಂದ್ಕೊಂಡಿರ್ತಾರೆ, ಎಷ್ಟೋ ಕಾರಲ್ಲಿ ಅದು ಮುಂದೆ ಮಾತ್ರ, ಹಿಂದೆ ಕತ್ತಲೆ. ರೇಸ್ ಕಾರಿಗೆ ಹೆಡ್‌ಲೈಟೇ ಇಲ್ದಿದ್ರೂ ಹಿಂದಿನ ಕೆಂಪು ಲೈಟ್ ಕಡ್ಡಾಯ ಮಾಡಿರೋದು ಯಾಕೆ ಅಂತ ಇಂಥ ಕಾರಿನ ಹಿಂದೆ ಮಳೇಲಿ ಸಿಕ್ಕಾಕ್ಕೊಂಡಾಗ ಅರ್ಥ ಆಗುತ್ತೆ.

2026ರ ಫಾರ್ಮುಲಾ ಒನ್ ರೂಲ್ಸಲ್ಲಿ ಟೈರ್ ಅಗಲ ಕಮ್ಮಿ ಮಾಡಿದ್ದಾರೆ, ಮುಂದೆ 25 ಮಿಲಿಮೀಟರ್, ಹಿಂದೆ 30, ಕಾರಿನ ತಳನೂ ಮೊದಲಿಗಿಂತ ಚಪ್ಪಟೆ. ಇದನ್ನ ಮಳೆಗೋಸ್ಕರ ಮಾಡಿದ್ದಲ್ಲ, ಆದ್ರೂ ಸ್ಪ್ರೇ ಸ್ವಲ್ಪ ಕಮ್ಮಿ ಆಗ್ಬಹುದು ಅನ್ನೋದು ನನ್ನ ಆಸೆ. ಹೊಸ ಕಾರುಗಳು ಒಳ್ಳೇ ಜಡಿಮಳೇಲಿ ಓಡೋದು ಸಿಕ್ಕಿದ್ರೆ ಲೀಡಲ್ಲಿರೋನ ನೋಡ್ಬೇಡಿ, ಅವನಿಗೆ ಎಲ್ಲಾ ಕಾಣುತ್ತೆ. ಹತ್ತನೇ ಜಾಗದಲ್ಲಿರೋನ ಆನ್‌ಬೋರ್ಡ್ ಕ್ಯಾಮೆರಾ ಹಾಕ್ಕೊಳಿ, ಅವನ ಮುಂದಿನ ಕಾರಿನ ಕೆಂಪು ಲೈಟ್ ಎಷ್ಟು ದೂರದ ತನಕ ಕಾಣುತ್ತೆ ನೋಡಿ, ನಾನೂ ಅದನ್ನೇ ನೋಡೋದು.